ಕೊಟ್ಟಿಗೆ ಪಕ್ಕ ನಿಂತ ಗಾಡಿ: ಎಬ್ಬಿಸುವ ಮೊದಲು, ಎಬ್ಬಿಸಿದ ಮೇಲೆ



ಪಶುವೈದ್ಯರಿಗೆ ಗಾಡಿ ರಿಪೇರಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ತಣಿಸಂದ್ರ, ನಾಗವಾರ, ಕಣ್ಣೂರು, ಬಾಗಲೂರು ಕಡೆ ಹಸು ನೋಡಲು ಹೋದಾಗ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡಂತೆ ಒಂದು ಚಿಕ್ಕ ಗೂಡ್ಸ್ ಗಾಡಿ ನಿಂತಿರುತ್ತದೆ. ಕೆಲವರದು ಟಾಟಾ ಏಸ್, ಕೆಲವರದು ಹಿಂದಿನ ಸೀಟು ಬಿಚ್ಚಿದ ಹಳೆಯ ಮಾರುತಿ ಓಮ್ನಿ. ಮೇಲೆ ಹರಿದ ಟಾರ್ಪಾಲು, ಒಳಗೆ ಖಾಲಿ ಬೂಸಾ ಚೀಲ, ಚಕ್ರದಲ್ಲಿ ಗಾಳಿ ಇಲ್ಲ. ಕೇಳಿದರೆ "ಓಡಿಸೋರಿಲ್ಲ ಡಾಕ್ಟ್ರೇ, ಹಂಗೇ ನಿಂತೈತೆ" ಎನ್ನುತ್ತಾರೆ. ಆ ಗಾಡಿಗೂ ಪಕ್ಕದಲ್ಲಿ ಕಟ್ಟಿದ ಹಸುವಿಗೂ ಇರುವ ಸಂಬಂಧ ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು.

ನಮ್ಮ ಈ ಭಾಗದಲ್ಲಿ ಹೊಲಗಳು ಲೇಔಟ್ ಆಗಿವೆ, ಹಸುಗಳು ಉಳಿದಿವೆ. ಹಿತ್ತಲಲ್ಲೇ ಹಸಿ ಮೇವು ಕೊಯ್ದು ಹಾಕುವ ಮನೆ ಈಗ ಕಡಿಮೆ. ಜೋಳದ ದಂಟು, ನೇಪಿಯರ್ ಹುಲ್ಲು ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ಬರಬೇಕು. ಇಲ್ಲವೇ ಕೆರೆಗಳ ಆಸುಪಾಸಿನಿಂದ ಕೊಯ್ದು ಹೊತ್ತು ತರಬೇಕು. ಗಾಡಿ ನಿಂತಿತು ಎಂದರೆ ಮೊದಲು ಬದಲಾಗುವುದು ಗೋದಲಿ. ಹಸಿರು ಕಡಿಮೆಯಾಗುತ್ತದೆ, ಹಾಲು ಇಳಿಯಬಾರದೆಂದು ಬೂಸಾ, ಹಿಂಡಿ, ಮಿಕ್ಕಿದ ಅನ್ನ ಜಾಸ್ತಿ ಬೀಳುತ್ತದೆ. ನಾರು ಸಾಲದ ಹಸು ಮೆಲುಕು ಹಾಕುವುದು ಕಡಿಮೆ ಮಾಡುತ್ತದೆ, ಹೊಟ್ಟೆಯಲ್ಲಿ ಹುಳಿ ಹೆಚ್ಚುತ್ತದೆ, ಸಗಣಿ ತೆಳ್ಳಗಾಗುತ್ತದೆ, ಡೇರಿಯ ಚೀಟಿಯಲ್ಲಿ ಫ್ಯಾಟು ಇಳಿಯುತ್ತದೆ. "ಫ್ಯಾಟು ಯಾಕೋ ಬರ್ತಿಲ್ಲ" ಎಂದು ಕರೆದ ಮನೆಗಳಲ್ಲಿ ಔಷಧಿ ಬರೆಯುವ ಮೊದಲು "ಮೇವು ಹೇಗೆ ತರ್ತೀರಿ?" ಎಂದು ಕೇಳುವುದು ನನಗೆ ರೂಢಿಯಾಗಿದೆ.

ತಣಿಸಂದ್ರದ ಒಂದು ಮನೆಯ ವಿಷಯ ಹೇಳುತ್ತೇನೆ. ಐದು ಹಸು, ಎರಡು ಕರು. ಕೊಟ್ಟಿಗೆ ನೋಡಿಕೊಳ್ಳುವವರು ಅತ್ತೆ ಸೊಸೆ ಇಬ್ಬರೇ. ಗಾಡಿ ಓಡಿಸುತ್ತಿದ್ದ ಮೈದುನ ಬೇರೆ ಕೆಲಸಕ್ಕೆ ಸೇರಿದ ಮೇಲೆ ಗಾಡಿ ಒಂಬತ್ತು ತಿಂಗಳು ನಿಂತಿತ್ತು. ಮೇವಿಗೆ ಬಾಡಿಗೆ ಗಾಡಿ ಕರೆಸಿ ಕರೆಸಿ, ಹಾಲಿನ ಬಟವಾಡೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಕೊನೆಗೆ ಸೊಸೆಯೇ ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಗಾಡಿ ಎಬ್ಬಿಸಲು ಹೊರಟರು. ನಾನು ಅಲ್ಲಿಗೆ ಹೋದದ್ದು ಹೆಣ್ಣುಕರುವಿಗೆ ಕಂದು ಹಾಕುವ ರೋಗದ ಲಸಿಕೆ ಹಾಕಲು. ಅದನ್ನು 4ರಿಂದ 8 ತಿಂಗಳೊಳಗಿನ ಹೆಣ್ಣುಕರುವಿಗೆ ಹಾಕಬೇಕು. ಹಿಂದಿನ ದಿನ ಮೆಕ್ಯಾನಿಕ್ ಬಂದು ಕೆಲಸ ಅರ್ಧ ಮಾಡಿ ಹೋಗಿದ್ದ. ಹಳೆಯ ಬ್ಯಾಟರಿ ಗೋಡೆ ಪಕ್ಕ ಇತ್ತು. ರೇಡಿಯೇಟರಿನ ಹಸಿರು ನೀರು ಒಂದು ಬೇಸಿನ್ನಿನಲ್ಲಿತ್ತು. ಕತ್ತರಿಸಿದ ವೈರಿನ ತುಂಡುಗಳು ನೆಲದ ಮೇಲಿದ್ದವು. ಕರುವನ್ನು ಗಾಡಿಯ ಹಿಂಬದಿಗೇ ಕಟ್ಟಿದ್ದರು. ಅದು ಬ್ಯಾಟರಿಯ ಮೇಲಿನ ಬಿಳಿ ಪುಡಿಯನ್ನು ನೆಕ್ಕಲು ಕತ್ತು ಚಾಚಿ ನಾಲಿಗೆ ಹೊರಹಾಕಿತ್ತು. ಹಗ್ಗ ಒಂದು ಗೇಣು ಗಿಡ್ಡವಿತ್ತು, ಅಷ್ಟೇ.

ಮೊದಲು ಹಸು ಕರು ಸರಿಸಿ

ಗಾಡಿ ರಿಪೇರಿ ಮನೆಯಲ್ಲೇ ನಡೆಯುವುದಾದರೆ ಸ್ಪ್ಯಾನರ್ ಮುಟ್ಟುವ ಮೊದಲು ದನಗಳನ್ನು ಅಲ್ಲಿಂದ ದೂರ ಕಟ್ಟಿ. ಬ್ಯಾಟರಿಯೊಳಗೆ ಇರುವುದು ಸೀಸ. ಒಡೆದ ಬ್ಯಾಟರಿಯ ಫಲಕ, ಅದರ ಪುಡಿ ಸ್ವಲ್ಪ ಹೊಟ್ಟೆಗೆ ಹೋದರೂ ಕರುಗಳು ಉಳಿಯುವುದು ಕಷ್ಟ. ಕಣ್ಣು ಕಾಣದಂತಾಗಿ ಗೋಡೆಗೆ ಹಾಯುವುದು, ಹಲ್ಲು ಕಡಿಯುವುದು, ಬಾಯಲ್ಲಿ ನೊರೆ, ಕಿವಿ ಮತ್ತು ರೆಪ್ಪೆ ಅದುರುವುದು, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಕೊನೆಗೆ ಫಿಟ್ಸ್. ಇದನ್ನು ಹುಚ್ಚು ಎಂದೋ ದೃಷ್ಟಿ ಎಂದೋ ತಿಳಿದು ಒಂದು ದಿನ ಕಾದರೆ ಚಿಕಿತ್ಸೆಗೆ ಸಮಯವೇ ಉಳಿಯುವುದಿಲ್ಲ. ದೊಡ್ಡ ಹಸು ಬದುಕಿದರೂ ಸೀಸ ಹಾಲಿನಲ್ಲಿ ಇಳಿಯುತ್ತದೆ. ವೈದ್ಯರು ಹೇಳುವವರೆಗೆ ಆ ಹಾಲನ್ನು ಡೇರಿಗೂ ಹಾಕಬಾರದು, ಮನೆ ಮಕ್ಕಳಿಗೂ ಕೊಡಬಾರದು. ಹಳೆಯ ಬ್ಯಾಟರಿಯನ್ನು ಅಂದೇ ಅಂಗಡಿಗೆ ವಾಪಸ್ ಕೊಡಿ, ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ. ಹಳೆಯ ಬ್ಯಾಟರಿ ಡಬ್ಬವನ್ನು ಕತ್ತರಿಸಿ ಕರುವಿಗೆ ನೀರಿನ ತೊಟ್ಟಿ ಮಾಡುವ ಯೋಚನೆಯಂತೂ ಬೇಡವೇ ಬೇಡ.

ಕೂಲೆಂಟ್ ಎಂಬ ಬಣ್ಣದ ನೀರು ರುಚಿಗೆ ಸಿಹಿ. ಅದರ ಅಪಾಯ ಇರುವುದೇ ಆ ಸಿಹಿಯಲ್ಲಿ. ಕರು, ನಾಯಿ, ಕೋಳಿ ಯಾವುದು ಕುಡಿದರೂ ಮೂತ್ರಪಿಂಡ ಕೆಡುತ್ತದೆ, ಮೆಲುಕು ಶುರುವಾಗದ ಎಳೆಗರುವಿಗೆ ಇನ್ನೂ ಬೇಗ. ಬಸಿದದ್ದನ್ನು ಮುಚ್ಚಳದ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಚರಂಡಿಗೆ, ಕಲಗಚ್ಚಿನ ತೊಟ್ಟಿಯ ಹತ್ತಿರ ಸುರಿಯಬೇಡಿ. ಡೀಸೆಲ್, ಹಳೆಯ ಇಂಜಿನ್ ಆಯಿಲ್ ಕುಡಿದ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕುಡಿದಿದೆ ಎಂದು ಗೊತ್ತಾದರೆ ಗೊಟ್ಟದಲ್ಲಿ ಎಣ್ಣೆಯನ್ನೋ ಉಪ್ಪುನೀರನ್ನೋ ಹೊಯ್ಯಬೇಡಿ, ಅದರಿಂದ ಕೇಡೇ ಹೆಚ್ಚು. ಖನಿಜ ಮಿಶ್ರಣ ಸಿಗದ ದನಗಳೇ ಇಂಥದ್ದನ್ನೆಲ್ಲ ಹುಡುಕಿ ನೆಕ್ಕುವುದು ಎಂಬುದೂ ನೆನಪಿರಲಿ.

ಇನ್ನು ವೈರು, ಮೊಳೆ, ತುಂಡು ತಗಡು. ಹಸು ನಮ್ಮ ಹಾಗೆ ಅಗಿದು ನುಂಗುವುದಿಲ್ಲ, ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಹುಲ್ಲಿನ ಜೊತೆ ಹೋದ ತಂತಿ ಜೇನುಗೂಡಿನಂಥ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವ ಅಂತರ ಬಹಳ ಕಡಿಮೆ, ಒಂದು ತೆಳುವಾದ ಪರದೆ ಮಾತ್ರ ಅಡ್ಡ. ತಂತಿ ಚುಚ್ಚಿದ ಹಸು ಒಮ್ಮೆಲೇ ಹಾಲು ಇಳಿಸುತ್ತದೆ, ಬೆನ್ನು ಬಾಗಿಸಿ ಮುಂಗಾಲಿನ ಮೊಣಕೈಗಳನ್ನು ಅಗಲಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಒಲ್ಲೆ ಎನ್ನುತ್ತದೆ. ಎದೆಯ ಕೆಳಗೆ ಊತ ಬಂದಿತೆಂದರೆ ನಮ್ಮ ಕೈ ಮೀರಿದ ಹಾಗೆಯೇ. ಹಾಳಾದ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ರಿಪೇರಿ ಮುಗಿದ ಜಾಗದಲ್ಲಿ ನೆಲಕ್ಕೆ ತಾಗಿಸಿಕೊಂಡು ನಾಲ್ಕು ಸಾರಿ ಎಳೆದಾಡಿ. ತಣಿಸಂದ್ರದ ಆ ಮನೆಯಲ್ಲಿ ಹಾಗೆ ಎಳೆದಾಗ ಮೂರು ಸ್ಕ್ರೂ, ಒಂದು ಕ್ಲಿಪ್ಪು, ಬೆರಳುದ್ದದ ಕಬ್ಬಿಣದ ತಂತಿ ಸಿಕ್ಕಿತು. ವೈರಿನೊಳಗಿನ ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಕಣ್ಣಿಟ್ಟು ಹೆಕ್ಕಬೇಕು. ಅತ್ತೆಯವರು ಕೂತು ಹೆಕ್ಕಿದರು.

ಇಲಿಗಳ ಮಾತು ಬಿಡುವಂತಿಲ್ಲ. ಬೂಸಾ ಚೀಲದ ಪಕ್ಕ ನಿಂತ ಗಾಡಿ ಇಲಿಗೆ ಅರಮನೆ. ಏರ್ ಫಿಲ್ಟರ್ ಡಬ್ಬದಲ್ಲಿ ಗೂಡು ಕಟ್ಟುತ್ತವೆ, ವೈರು ಕಡಿಯುತ್ತವೆ, ಎಲ್ಲ ಕಡೆ ಉಚ್ಚೆ ಹೊಯ್ಯುತ್ತವೆ. ಇಲಿಜ್ವರದ ರೋಗಾಣು ಆ ಉಚ್ಚೆಯಲ್ಲಿ ಬರುತ್ತದೆ. ಹಸುವಿಗೆ ಗರ್ಭಪಾತ, ನಮಗೆ ಜ್ವರ, ಕಾಮಾಲೆ. ಕಸ ಒಣಗಿದ್ದಾಗ ಗುಡಿಸಬೇಡಿ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಅರ್ಧ ಗಂಟೆ ಬಿಟ್ಟು, ಕೈಗೆ ರಬ್ಬರ್ ಗ್ಲೌಸ್ ಹಾಕಿ ತೆಗೆಯಿರಿ. ಗಾಯವಿರುವ ಕೈಯಲ್ಲಂತೂ ಮುಟ್ಟಲೇಬೇಡಿ.

ಬಿದ್ದ ಹಸುವನ್ನು ಬಾಲ ಹಿಡಿದು ಎಬ್ಬಿಸುವುದಿಲ್ಲ

ಕರು ಹಾಕಿದ ಮರುದಿನ ಹಸು ಬಿದ್ದರೆ ತಿಳಿದವರು ಎಳೆದು ನಿಲ್ಲಿಸಲು ಹೋಗುವುದಿಲ್ಲ. ಹಾಲು ಜ್ವರವೋ, ಕಾಲು ಪೆಟ್ಟೋ ನೋಡಿ, ಕ್ಯಾಲ್ಸಿಯಂ ಕೊಟ್ಟು, ಅದಾಗಿ ಏಳುವಂತೆ ಮಾಡುತ್ತೇವೆ. ನಿಂತ ಗಾಡಿಗೂ ಅದೇ ಕ್ರಮ. ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು, ಇಲ್ಲವೇ ನಾಲ್ಕು ಜನ ನೂಕಿ ಒಮ್ಮೆ "ಸ್ಟಾರ್ಟ್ ಆಯ್ತು" ಎಂದು ಖುಷಿಪಡುವುದರಲ್ಲಿ ಅರ್ಥವಿಲ್ಲ. ಹೊರಡುವುದಕ್ಕಿಂತ ನಿಲ್ಲುವುದು ಮುಖ್ಯ. ನಾನಾದರೆ ಇಂಜಿನ್ನಿಗಿಂತ ಮೊದಲು ಬ್ರೇಕಿಗೆ ದುಡ್ಡು ಹಾಕಿಸುತ್ತೇನೆ.

ಏಕೆಂದರೆ ನಿಂತ ಗಾಡಿಯಲ್ಲಿ ಬ್ರೇಕು ಗುಟ್ಟಾಗಿ ಕೆಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಲೈನಿಂಗ್ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶವನ್ನು ಹೀರುತ್ತದೆ. ಅದಕ್ಕೇ ಗಾಡಿ ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. 40 ಲೀಟರಿನ ಹಾಲಿನ ಕ್ಯಾನು ತುಂಬಿದರೆ 40 ಕೆ.ಜಿ.ಗೂ ಮೇಲೆ. ಅಂಥ ಎಂಟು ಹತ್ತು ಕ್ಯಾನು ಹೇರಿದ ಗಾಡಿಗೆ ಬ್ರೇಕು ಒತ್ತಿದಾಗ, ಅರ್ಧ ತುಂಬಿದ ಕ್ಯಾನುಗಳಲ್ಲಿ ಹಾಲು ಮುಂದಕ್ಕೆ ನುಗ್ಗಿ ಗಾಡಿಯನ್ನು ಇನ್ನೊಂದಿಷ್ಟು ತಳ್ಳುತ್ತದೆ. ಬೆಳಗಿನ ಹೊತ್ತು ತಣಿಸಂದ್ರ ಮುಖ್ಯರಸ್ತೆಯಲ್ಲಿ ಶಾಲೆ ಮಕ್ಕಳು ಅಡ್ಡ ದಾಟುವುದನ್ನು ನೆನೆಸಿಕೊಂಡರೆ ಹೆಚ್ಚು ಹೇಳಬೇಕಿಲ್ಲ.

ಉಳಿದದ್ದು ಸಾಲಾಗಿ. ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಅದರಲ್ಲಿ ನೀರು ಸೇರಿದೆ ಎಂದು ಅರ್ಥ. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನಿಗೆ ತೋರಿಸಿ. ಬಣ್ಣ ಸರಿಯಿದ್ದರೂ ಇಷ್ಟು ದಿನ ನಿಂತ ಆಯಿಲ್ ಬದಲಿಸುವುದೇ ಒಳ್ಳೆಯದು. ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಇದ್ದು ನಿಂತಿದ್ದರೆ ಒಳಗೆ ಬೆವರಿದ ನೀರು ತಳದಲ್ಲಿ ಕೂತಿರುತ್ತದೆ, ಫಿಲ್ಟರಿನ ಕೆಳಗಿನಿಂದ ಅದನ್ನು ಬಿಡಿಸಬೇಕು. ಬ್ಯಾಟರಿ ತುದಿಯ ಬಿಳಿ ಪುಡಿಯನ್ನು ಗ್ಲೌಸ್ ಹಾಕಿ, ಅಡಿಗೆ ಸೋಡಾ ಕಲಸಿದ ಬೆಚ್ಚನೆಯ ನೀರಲ್ಲಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಬಹುದು. ಒಡೆದ ಮೊಲೆತೊಟ್ಟಿಗೆ ಹಚ್ಚುವ ಡಬ್ಬಿ ಬೇರೆ, ಬ್ಯಾಟರಿಯ ಡಬ್ಬಿ ಬೇರೆ ಇರಲಿ. ಬೆಲ್ಟು, ರಬ್ಬರ್ ಪೈಪು ಬಗ್ಗಿಸಿದಾಗ ಬಿರುಕು ಕಂಡರೆ ಬದಲಿಸಿ.

ಹಸುವಿನ ಕಿವಿಯ ಹಳದಿ ಓಲೆಯಲ್ಲಿ 12 ಅಂಕಿ ಇರುವ ಹಾಗೆ ಟೈರಿನ ಪಕ್ಕದಲ್ಲೂ ಅದರ ಜಾತಕ ಇರುತ್ತದೆ. ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ ಟೈರು. ಐದು ವರ್ಷ ದಾಟಿದ್ದರೆ, ಹಲ್ಲು ಚೆನ್ನಾಗಿ ಕಂಡರೂ, ಬಿಸಿಲು ಬಿದ್ದ ಬದಿಯಲ್ಲಿ ಬಿರುಕಿದೆಯೇ ಎಂದು ತಿಳಿದವರಿಂದ ನೋಡಿಸಿ. ಟೈರಿನ ಗೆರೆಗಳ ಆಳ ಕಾನೂನಿನ ಪ್ರಕಾರ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು; ಗೆರೆಯ ನಡುವೆ ಇರುವ ಸಣ್ಣ ಉಬ್ಬಿನ ಮಟ್ಟಕ್ಕೆ ಟೈರು ಸವೆದಿದ್ದರೆ ಅದರ ಆಯಸ್ಸು ಮುಗಿದಂತೆ.

ಎರಡು ಎಚ್ಚರಿಕೆ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ಹೋಗಬಾರದು. ಕೊಟ್ಟಿಗೆಗೆ ಹೊಂದಿಕೊಂಡ ಶೆಡ್ಡಿನೊಳಗೆ ಇಂಜಿನ್ ಓಡಿಸಬಾರದು. ಆ ಹೊಗೆ ಕಟ್ಟಿದ ದನಕ್ಕೂ ವಿಷ, ನಿಮಗೂ ವಿಷ. ನೂಕಿ ಹೊರಗೆ ತಂದೇ ಸ್ಟಾರ್ಟ್ ಮಾಡಿ.

ಕಾಗದಗಳ ಬಗ್ಗೆ ಚಿಕ್ಕದಾಗಿ: ಗಾಡಿ ನಿಂತಿದ್ದರೂ ತಾರೀಖು ನಿಲ್ಲುವುದಿಲ್ಲ. ಬಾಡಿಗೆ ನೋಂದಣಿಯ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ವಿಮೆ, ಹೊಗೆ ತಪಾಸಣೆ ಚೀಟಿಯ ತಾರೀಖನ್ನೂ ನೋಡಿ. ಕಿವಿಯೋಲೆ ಇಲ್ಲದ ಹಸುವಿನ ವಿಮೆ ಹಣಕ್ಕೆ ಎಷ್ಟು ಅಲೆಯಬೇಕೋ ನಿಮಗೆ ಗೊತ್ತಿದೆ, ಎಫ್‌ಸಿ ಇಲ್ಲದ ಗಾಡಿಯದೂ ಅದೇ ಪಾಡು.

ಹಾಲು ಹೊರುವ ನೆಲ

ಕೆಚ್ಚಲಿನಿಂದ ಬಂದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಡೇರಿಯ ಶೀತಲೀಕರಣ ತೊಟ್ಟಿಯಲ್ಲಿ 4 ಡಿಗ್ರಿಗೆ ಇಳಿಯುವವರೆಗೆ ಅದರಲ್ಲಿನ ಸೂಕ್ಷ್ಮಾಣುಗಳಿಗೆ ಹಬ್ಬ. ಅರ್ಧ ಗಂಟೆಗೊಮ್ಮೆ ಎರಡರಷ್ಟಾದರೆ ಎರಡು ಗಂಟೆಯಲ್ಲಿ ಒಂದು ಹದಿನಾರಾಯಿತು. ನಾಗವಾರ ಜಂಕ್ಷನ್ನಿನಲ್ಲಿ ಗಾಡಿ ಬಿಸಿಯೇರಿ ಹೊಗೆಯಾಡಿ ನಿಂತರೆ ಆಗುವುದು ಇದೇ. ಆ ಹೊತ್ತಿನ ಹಾಲು ಡೇರಿಯಲ್ಲಿ ತಿರಸ್ಕಾರವಾದರೆ ಹಾಲಿನ ದರವೂ ಹೋಯಿತು, ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನವೂ ಹೋಯಿತು. ಕೂಲೆಂಟ್ ಸ್ವಲ್ಪ ಕಡಿಮೆ ಇರುವ ಗಾಡಿ ಖಾಲಿ ರಸ್ತೆಯಲ್ಲಿ ದೂರು ಹೇಳುವುದಿಲ್ಲ. ಗಾಳಿ ಸಿಗದ ಟ್ರಾಫಿಕ್ಕಿನಲ್ಲೇ ಅದು ಕೈಕೊಡುವುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಚೆಲ್ಲಿದ ಹಾಲು ಹುಳಿಯಾಗಿ ತಗಡನ್ನು ತಿನ್ನುತ್ತದೆ, ಗಂಜಲ ಸೇರಿದರೆ ಇನ್ನೂ ಬೇಗ. ರಬ್ಬರ್ ಮ್ಯಾಟ್ ಎತ್ತಿ ನೋಡದ ಗಾಡಿಗಳಲ್ಲಿ ಕೆಳಗೆ ತೂತೇ ಬಿದ್ದಿರುತ್ತದೆ. ಹಾಲು ಚೆಲ್ಲಿದ ಜಾಗಕ್ಕೆ ಮೊದಲು ಕುದಿನೀರು ಹಾಕಬೇಡಿ, ಹಾಲು ಅಲ್ಲೇ ಬೆಂದು ಅಂಟುತ್ತದೆ. ಮೊದಲು ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು, ಆಮೇಲೆ ಸೋಪಿನ ಪುಡಿ, ಬ್ರಷ್ಷು. ಡೀಸೆಲ್ ಕ್ಯಾನು, ಗ್ರೀಸ್ ಡಬ್ಬ, ಗೊಬ್ಬರದ ಚೀಲ ಹಾಲಿನ ಜೊತೆ ಬರಬಾರದು. ಹಾಲು ವಾಸನೆ ಹಿಡಿಯುವುದರಲ್ಲಿ ಬಲು ಚುರುಕು. ಕ್ಯಾನಿನ ಮೇಲೆ ಒದ್ದೆ ಗೋಣಿ ಹೊದಿಸಿದರೆ ದಾರಿಯಲ್ಲಿ ಸ್ವಲ್ಪ ತಂಪು ಉಳಿಯುತ್ತದೆ.

ನಾಲ್ಕು ಧಾರೆಯ ಹಾಗೆ ನಾಲ್ಕು ನೋಟ

ಹಾಲು ಕರೆಯುವ ಮೊದಲು ಪ್ರತಿ ಮೊಲೆಯಿಂದ ನಾಲ್ಕು ಧಾರೆ ಕಪ್ಪು ಬಟ್ಟಲಿಗೆ ಹಿಂಡಿ, ಹೆಪ್ಪು ಇದೆಯೇ, ನೀರಾಗಿದೆಯೇ ಎಂದು ನೋಡುವುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದೇವೆ. ಮಾಡುವವರ ಮನೆಯಲ್ಲಿ ಕೆಚ್ಚಲು ಬಾವು ಮೊದಲ ದಿನವೇ ಸಿಕ್ಕಿಬೀಳುತ್ತದೆ. ಗಾಡಿಯನ್ನೂ ಕ್ಯಾನು ಹೇರುವ ಮೊದಲು ಹಾಗೆ ನೋಡಬಹುದು. ಡ್ರೈವಿಂಗ್ ಬರಬೇಕೆಂದಿಲ್ಲ, ಓಡಿಸುವವರು ಯಾರೇ ಇರಲಿ, ನೋಡುವವರು ನೀವಾಗಿರಿ. ಅಂಗೈ ಇಟ್ಟು ಕೆಚ್ಚಲಿನ ಯಾವ ಭಾಗ ಬಿಸಿ ಎಂದು ಹೇಳುವ ಹೆಂಗಸರಿಗೆ "ನಿಮಗೆ ಗಾಡಿ ವಿಷಯ ತಿಳಿಯಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಬಗ್ಗಿ ಕೆಳಗೆ ನೋಡಿ: ರಾತ್ರಿ ನಿಂತ ಜಾಗದಲ್ಲಿ ತೊಟ್ಟಿಕ್ಕಿದ ಗುರುತು ಇದೆಯೇ? ಕಪ್ಪಾದರೆ ಆಯಿಲ್, ಬಣ್ಣದ ನೀರಾದರೆ ಕೂಲೆಂಟ್, ಚಕ್ರದ ಒಳಬದಿಯಲ್ಲಿ ಜಿಡ್ಡಾದರೆ ಬ್ರೇಕ್ ಆಯಿಲ್. ಚಕ್ರಗಳನ್ನು ನೋಡಿ, ಸ್ಟೆಪ್ನಿ ಸೇರಿ ಐದು. ಬ್ರೇಕ್ ಪೆಡಲ್ ಒತ್ತಿ ಹಿಡಿದು ಹತ್ತು ಎಣಿಸಿ. ಮೆಲ್ಲಗೆ ಕೆಳಗಿಳಿದರೆ, ಸ್ಪಂಜಿನಂತೆ ಮೆತ್ತಗಿದ್ದರೆ, ಆ ದಿನ ಗಾಡಿ ಹೊರಡಬಾರದು. ಕೊನೆಗೆ ಹಿಂದೆ ಒಬ್ಬರನ್ನು ನಿಲ್ಲಿಸಿ ದೀಪ, ಇಂಡಿಕೇಟರ್. ಐದು ನಿಮಿಷವೂ ಹಿಡಿಯುವುದಿಲ್ಲ. ಗಾಡಿ ವಾಪಸ್ ಬಂದ ಮೇಲೆ ಪ್ರತಿ ಚಕ್ರದ ನಡುಭಾಗದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಮಾತ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ.

ತಣಿಸಂದ್ರದ ಆ ಮನೆಯ ಸೊಸೆ ಹಸುಗಳ ಗರ್ಭಧಾರಣೆ ಚೀಟಿ ಸಿಕ್ಕಿಸುವ ಮೊಳೆಗೇ ಒಂದು ಚಿಕ್ಕ ನೋಟ್‌ಬುಕ್ ನೇತುಹಾಕಿದ್ದಾರೆ. ಒಂದು ಪುಟ ಹಸುವಿಗೆ, ಎದುರು ಪುಟ ಗಾಡಿಗೆ. ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರು, ಗಾಳಿ ತುಂಬಿದ ದಿನ. ಗಾಡಿ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಎಂದು ಇದೆಯೋ ಅದನ್ನು ಮೇಲ್ಗಡೆ ಕೆಂಪಿನಲ್ಲಿ ಬರೆದಿದ್ದಾರೆ. ಬಟವಾಡೆ ಆದ ದಿನ ಗಾಡಿಗೆಂದು ಸ್ವಲ್ಪ ಹಣವನ್ನು ಬೇರೆ ಡಬ್ಬಿಗೆ ಹಾಕುವುದು ಅತ್ತೆಯವರ ಏರ್ಪಾಡು. ಮಳೆಗಾಲದಲ್ಲಿ ಒಂದು ದಿನ ಪೆಡಲ್ ಮೆತ್ತಗಿದೆ ಎಂದು ಗಾಡಿ ನಿಲ್ಲಿಸಿ, ಹಾಲನ್ನು ಪಕ್ಕದ ಮನೆಯವರ ಬೈಕಿನಲ್ಲಿ ಡೇರಿಗೆ ಕಳಿಸಿದರಂತೆ. ಗ್ಯಾರೇಜಿನಲ್ಲಿ ಬಿಚ್ಚಿದಾಗ ಹಿಂದಿನ ಚಕ್ರದ ಬ್ರೇಕ್ ರಬ್ಬರ್ ಸೀಳಿತ್ತು.

ಗಾಡಿ ಓಡದೆ ಇರುವ ತಿಂಗಳುಗಳು ಬಂದೇ ಬರುತ್ತವೆ. ಆಗ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕ್ ತುಂಬಿಸಿಡಿ. ವಾರಕ್ಕೊಮ್ಮೆ ಹೊರಗೆ ತಂದು ಹತ್ತು ಹದಿನೈದು ನಿಮಿಷ ಓಡಿಸಿ. ಬೂಸಾ ಚೀಲ ಒಳಗಿಡಬೇಡಿ.

ರಾತ್ರಿ ಹೊತ್ತು ಕರು ಅಡ್ಡ ಬಂದು ಹಸುವನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಬೇಕಾದರೆ ಇದೇ ಗಾಡಿ ಬೇಕಾಗುತ್ತದೆ. ನೆಲಕ್ಕೆ ಮರಳು ಹಾಕಿ, ಮೇಲೆ ದಪ್ಪಗೆ ಹುಲ್ಲು ಹಾಸಿ, ಜಾರದಂತೆ ಮಾಡಿ. ಮೂಗುದಾರವನ್ನು ಬಿಗಿದು ಕಟ್ಟಬೇಡಿ, ಜೊತೆಗೆ ಒಬ್ಬರು ಹಿಂದೆ ಕೂರಲಿ. ಹೊರಡುವ ಮೊದಲು ಸಂಘದ ಕಾರ್ಯದರ್ಶಿಗೆ ಅಥವಾ ನಮ್ಮ ತುರ್ತು ಚಿಕಿತ್ಸಾ ಮಾರ್ಗದ ವೈದ್ಯರಿಗೆ ಫೋನ್ ಮಾಡಿ. ಎಷ್ಟೋ ಸಲ ಹಸುವನ್ನು ಅಲುಗಿಸದೆ ಮನೆಯಲ್ಲೇ ಚಿಕಿತ್ಸೆ ಆಗುತ್ತದೆ. ಸರ್ಕಾರದ ಪಶು ಸಂಜೀವಿನಿ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು, ಶುಲ್ಕವಿಲ್ಲ. ಬ್ಯಾಟರಿ ನೆಕ್ಕಿದೆ, ಕೂಲೆಂಟ್ ಕುಡಿದಿದೆ ಎಂಬ ಸಂಶಯ ಬಂದರೂ ಲಕ್ಷಣಕ್ಕೆ ಕಾಯದೆ ಆಗಲೇ ಕರೆ ಮಾಡಿ. ಏನು ಕುಡಿದಿದೆಯೋ ಅದರ ಡಬ್ಬಿಯನ್ನು ಎಸೆಯದೆ ನಮಗೆ ತೋರಿಸಲು ಇಟ್ಟುಕೊಳ್ಳಿ.